ಮಂಗಳವಾರದ ಸುಳ್ಳು ಬಾಣಂತಿ

ಬೆಳಗಾವಿಯ ಆಟೋ ನಗರದ ಒಂದು ಮಷಿನ್ ಶಾಪಿನಲ್ಲಿ ಮೂವತ್ತೊಂದು ವರ್ಷ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆದವನು ನಾನು. ಎರಕದ ಕಬ್ಬಿಣದ ಬಿಡಿಭಾಗಗಳು ಲೇತಿನಿಂದ ಇಳಿದು ನನ್ನ ಮೇಜಿಗೆ ಬರುತ್ತಿದ್ದವು. ಕೊರೆದ ತೂತಿಗೆ ನಾನು ಗೇಜು ಇಳಿಸಿ ನೋಡುತ್ತಿದ್ದೆ. ಗೇಜಿನ ಒಂದು ತುದಿ ಸಲೀಸಾಗಿ ಇಳಿಯಬೇಕು, ಇನ್ನೊಂದು ತುದಿ ಇಳಿಯಲೇಬಾರದು. ಹೆಚ್ಚುಕಡಿಮೆಯಾದ ಮಾಲಿಗೆ ಕೆಂಪು ಗೆರೆ ಎಳೆದು, ಮಾಡಿದವನ ಟೋಕನ್ ನಂಬರ್ ಬರೆದು, ಮೂಲೆಯ ಕೆಂಪು ಡಬ್ಬಿಗೆ ಹಾಕುತ್ತಿದ್ದೆ. ಕೆಲಸಗಾರರು ಬೆನ್ನ ಹಿಂದೆ ನನ್ನನ್ನು ಶನಿ ಎನ್ನುತ್ತಿದ್ದರು. ಎದುರಿಗೆ ಅಂದಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಗೇಜು ಕಾರ್ಖಾನೆಯಲ್ಲೇ ಉಳಿಯಿತು, ಕಣ್ಣು ಮಾತ್ರ ನನ್ನ ಜೊತೆ ಮನೆಗೆ ಬಂತು. ಟೇಲರ್ ಹಚ್ಚಿದ ಗುಂಡಿ, ಮದುವೆ ಮನೆಯ ಪಂಕ್ತಿ, ನೆರೆಯವರು ಕಟ್ಟಿಸಿದ ಕಂಪೌಂಡು, ಯಾವುದೂ ನನ್ನ ಕೈಯಲ್ಲಿ ಪಾಸಾಗುತ್ತಿರಲಿಲ್ಲ. “ನಿಮ್ಮ ಕೈಯಾಗ ನಾ ಒಬ್ಬಾಕಿ ಹ್ಯಾಂಗ ಪಾಸಾದ್ನೋ ದೇವರಿಗೇ ಗೊತ್ತು,” ಎನ್ನುತ್ತಿದ್ದಳು ಹೆಂಡತಿ. ಅದಕ್ಕೆ ನಾನು ಪೇಪರು ಮುಖಕ್ಕೆ ಹಿಡಿದುಕೊಂಡು ಕೂಡುತ್ತಿದ್ದೆ.

ನಮಗಿರುವುದು ಒಬ್ಬಳೇ ಮಗಳು. ಅವಳನ್ನು ಖಾನಾಪುರದಿಂದ ಕಣಕುಂಬಿಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿನ ಒಂದು ಊರಿಗೆ ಕೊಟ್ಟಿದ್ದೇವೆ. ಅಳಿಯ ಅಲ್ಲಿನ ಸರಕಾರಿ ಶಾಲೆಯಲ್ಲಿ ಮಾಸ್ತರ. ಮಗಳು ಬಸುರಿಯಾದಾಗ ನನ್ನ ಹೆಂಡತಿ ಎಲ್ಲ ನಿಶ್ಚಯ ಮಾಡಿಬಿಟ್ಟಿದ್ದಳು. ಏಳು ತಿಂಗಳಿಗೆ ಸೀಮಂತದ ಕುಬಸ ಮಾಡುವುದು, ಅಲ್ಲಿಂದಲೇ ಬೆಳಗಾವಿಗೆ ಕರೆತರುವುದು, ಚೊಚ್ಚಲ ಹೆರಿಗೆಯಾದ್ದರಿಂದ ಶಹರದ ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸುವುದು. ತೊಟ್ಟಿಲಿಗೆ ಪಾಲಿಶ್ ಆಗಿತ್ತು. ಬಾಣಂತಿಗೆ ಕೊಡುವ ಅಂಟಿನ ಉಂಡಿಗೆ ಒಣಕೊಬ್ಬರಿ ಕೂಡ ತಂದಿಟ್ಟಿದ್ದಳು.

ಕುಬಸದ ದಿನ ಗಂಡನ ಮನೆಯಲ್ಲಿ ಹಸಿರು ಸೀರೆ ಉಟ್ಟು ಉಡಿ ತುಂಬಿಸಿಕೊಂಡು ಕೂತಿದ್ದ ಮಗಳು ಬೀಗರ ಎದುರಿಗೇ ಹೇಳಿಬಿಟ್ಟಳು: “ನಾ ಬೆಳಗಾವಿಗೆ ಬರೂದಿಲ್ಲ. ಇಲ್ಲೇ ನಮ್ಮ ಸರಕಾರಿ ದವಾಖಾನ್ಯಾಗ ಹಡೀತೀನಿ.”

ಹೆಂಡತಿಯ ಕೈಯಲ್ಲಿದ್ದ ಆರತಿ ತಟ್ಟೆ ಅಲ್ಲೇ ನಿಂತಿತು. ಮಗಳು ನಿಧಾನವಾಗಿ ವಿವರಿಸಿದಳು. ಶಹರದ ಆಸ್ಪತ್ರೆಗೆ ಮೂರು ಸಲ ತೋರಿಸಲು ಹೋಗಿದ್ದಳಂತೆ. ಮೂರೂ ಸಲ ಬೇರೆ ಬೇರೆಯವರು ಅದೇ ಪ್ರಶ್ನೆ ಕೇಳಿದರಂತೆ. ಇವಳ ಉತ್ತರವನ್ನು ಒಬ್ಬರೂ ಬರೆದುಕೊಳ್ಳಲಿಲ್ಲವಂತೆ. “ಇಲ್ಲಿ ಸಿಸ್ಟರ್ ಬೈತಾರ, ಖರೇ. ಆದರ ಹೋದ ತಿಂಗಳ ನಾ ಏನಂದಿದ್ದೆ ಅನ್ನೂದು ಅವರಿಗೆ ನೆನಪಿರತೈತಿ,” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಡೆ ತಿರುಗಿದಳು. “ಅಪ್ಪಾ, ನೀನ ಬಂದು ನೋಡು. ನಿನ್ನ ಗೇಜು ಹಚ್ಚಿ ನೋಡು. ನೀ ಬ್ಯಾಡ ಅಂದ್ರ ಮರುದಿನಾನ ಬೆಳಗಾವಿ ಬಸ್ ಹತ್ತತೀನಿ.”

ಹೀಗೆ ತೀರ್ಪು ನನ್ನ ತಲೆಯ ಮೇಲೆ ಬಂತು. ಎಲ್ಲರೂ ನಗುತ್ತಿದ್ದರು, ನನಗೆ ಮಾತ್ರ ನಗು ಬರಲಿಲ್ಲ. ಕೆಟ್ಟ ಮಾಲನ್ನು ಮತ್ತೆ ಕುಲುಮೆಗೆ ಹಾಕಿ ಕರಗಿಸಬಹುದು. ಇಲ್ಲಿ ನಾನು ತಪ್ಪು ಮಾಡಿದರೆ ಮಗಳ ಜೀವಕ್ಕೇ ಬರುತ್ತಿತ್ತು. ಆ ರಾತ್ರಿ ನನಗೆ ಹೆದರಿಕೆಯಾಯಿತು ಎಂದು ಹೇಳಲು ನಾಚಿಕೆಯೇನೂ ಇಲ್ಲ.

ಪಕ್ಷಪಾತವಾಗಬಾರದು ಎಂದು ಮೊದಲು ಶಹರದ ಆಸ್ಪತ್ರೆಯನ್ನೇ ನೋಡಲು ಹೋದೆ. ನೆಲದಲ್ಲಿ ಮುಖ ಕಾಣುತ್ತಿತ್ತು. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು. ಗೋಡೆಯ ತುಂಬ ಪ್ರಮಾಣಪತ್ರ. ಕೌಂಟರಿನ ಹುಡುಗಿಯನ್ನು ಕೇಳಿದೆ, “ನಿಮ್ಮಲ್ಲಿ ಏನರ ತಪ್ಪು ಆದ್ರ ಎಲ್ಲಿ ಬರದಿಡ್ತೀರಿ?” ಅವಳು ಚೆಂದವಾಗಿ ನಕ್ಕು, “ನಮ್ಮಲ್ಲಿ ಅಂಥಾದ್ದು ಏನೂ ಆಗೂದಿಲ್ರಿ ಸರ್,” ಎಂದಳು.

ಅಲ್ಲಿಗೆ ನನ್ನ ಮನಸ್ಸು ಮುರಿಯಿತು. ಯಾಕೆಂದರೆ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪುಣೆಯಿಂದ ಒಬ್ಬ ಮುದುಕ ಇನ್‌ಸ್ಪೆಕ್ಟರು ನಮ್ಮ ಮಾಲು ನೋಡಲು ಬರುತ್ತಿದ್ದ. ನಾವು ನೆಲ ತೊಳೆದು, ಯಂತ್ರಕ್ಕೆ ಬಣ್ಣ ಬಳಿದು ಕಾಯುತ್ತಿದ್ದೆವು. ಅವನು ಅದ್ಯಾವುದನ್ನೂ ನೋಡದೆ ನೆಟ್ಟಗೆ ಕೆಂಪು ಡಬ್ಬಿಯ ಹತ್ತಿರ ಹೋಗುತ್ತಿದ್ದ. ಒಮ್ಮೆ ನಮ್ಮ ಮಾಲೀಕರು ಮರ್ಯಾದೆಗೆಂದು ಡಬ್ಬಿಯನ್ನು ಖಾಲಿ ಮಾಡಿಸಿ ಇಟ್ಟಿದ್ದರು. ಮುದುಕ ಖಾಲಿ ಡಬ್ಬಿ ನೋಡಿದವನೇ ಚಹಾ ಕೂಡ ಕುಡಿಯದೆ ಹೊರಟುಹೋದ. ಅಂದಿನಿಂದ ನಾನು ಎಲ್ಲಿಗೆ ಹೋದರೂ ಹುಡುಕುವುದು ಕೆಂಪು ಡಬ್ಬಿಯನ್ನೇ.

ಮುಂದಿನ ಮಂಗಳವಾರ ಮಗಳ ಊರಿಗೆ ಹೊರಟೆ. ಖಾನಾಪುರದಲ್ಲಿ ಬಸ್ಸು ಬದಲಿಸಬೇಕು. ಬಸ್‌ಸ್ಟ್ಯಾಂಡಿನಲ್ಲಿ ಸಂತೆ ಚೀಲ ಇಟ್ಟುಕೊಂಡು ಆ ಕಡೆಯ ಒಬ್ಬ ಹೆಂಗಸು ಕೂತಿದ್ದಳು. ನಿಮ್ಮ ದವಾಖಾನೆಯ ಸಿಸ್ಟರ್ ಹೇಗೆ ಎಂದು ಕೇಳಿದೆ. “ಬಾಳ ಬೈತಾಳ್ರಿ. ಆದರ ಕೈಗುಣ ಚಲೋ ಐತಿ,” ಎಂದಳು. ಕೈಗುಣ ಎಂದೊಡನೆ ನಾನು ಮುಖ ಸಿಂಡರಿಸಿದೆ. ಅಳೆಯಲು ಬಾರದ ಯಾವುದರ ಮೇಲೂ ನನಗೆ ವಿಶ್ವಾಸವಿಲ್ಲ. ಹಾಗೆ ಹೇಳುವವರ ಮೇಲಂತೂ ಮೊದಲೇ ಇಲ್ಲ.

ಬಸ್ಸು ಕಾಡು ಹೊಕ್ಕ ಮೇಲೆ ಮೊಬೈಲಿನ ಸಿಗ್ನಲ್ ಒಂದೊಂದೇ ಗೆರೆ ಇಳಿಯುತ್ತ ಹೋಗಿ ಪೂರ್ತಿ ಹೋಯಿತು. ನಾನು ದಾರಿಯುದ್ದಕ್ಕೂ ತಿರುವು ಎಣಿಸುತ್ತ, ಇದೇ ರಸ್ತೆಯಲ್ಲಿ ಮಗಳನ್ನು ಅವಸರದಲ್ಲಿ ಖಾನಾಪುರಕ್ಕೆ ಒಯ್ಯಬೇಕಾಗಿ ಬಂದರೆ ಎಷ್ಟು ಹೊತ್ತಾದೀತು ಎಂದು ಲೆಕ್ಕ ಹಾಕುತ್ತಿದ್ದೆ. ಊರಲ್ಲಿ ಇಳಿಯುವ ಹೊತ್ತಿಗೆ ಬ್ಯಾಡ ಎಂದು ಹೇಳುವುದು ಎಂದು ಅರ್ಧ ನಿಶ್ಚಯ ಆಗಿತ್ತು. ಮಗಳ ಮನೆಗೂ ಹೋಗದೆ ನೆಟ್ಟಗೆ ದವಾಖಾನೆಗೆ ನಡೆದೆ.

ಮಧ್ಯಾಹ್ನ ಮೂರರ ಸುಮಾರು. ಹೊರಗೆ ಪೇಶಂಟುಗಳು ಯಾರೂ ಇರಲಿಲ್ಲ. ಒಳಗಿನಿಂದ ಒಬ್ಬ ಹೆಂಗಸು ಚೀರಿದ್ದು ಕೇಳಿಸಿತು. ಪಡಸಾಲೆಯ ಕೊನೆಗೆ ಹೆರಿಗೆ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು. ಮಂಚದ ಮೇಲೆ ಒಬ್ಬಳು ಹೆಂಗಸು, ಅವಳ ಸೀರೆಯಿಂದ ನೆಲದವರೆಗೆ ಹರಿದ ಕೆಂಪು. “ಅಯ್ಯೋ, ಡಾಕ್ಟರನ್ನ ಕರೀರಿ!” ಎಂದು ಕೂಗಿದೆ.

ಐವತ್ತರ ಆಸುಪಾಸಿನ ಸಿಸ್ಟರ್ ನನ್ನ ಕಡೆ ತಿರುಗಲೂ ಇಲ್ಲ. “ಕಾಕಾ, ನಿಮ್ಮ ಗಡಿಯಾರದಾಗ ಸೆಕೆಂಡಿನ ಮುಳ್ಳು ಐತೇನ್ರಿ?”

“ಐತ್ರಿ.”

“ನೋಡಕೋತ ಅಲ್ಲೇ ನಿಂದರ್ರಿ. ಗಾಡಿ ಬಂದ್ ಮಾಡ್ರಿ ಅಂತ ನಾ ಅಂದಾಗ ಎಷ್ಟಾತು ಹೇಳ್ರಿ.”

ಅವಳ ದನಿಯಲ್ಲಿ ಎದುರುತ್ತರಕ್ಕೆ ಜಾಗವೇ ಇರಲಿಲ್ಲ. ನಾನು ಗಡಿಯಾರ ನೋಡುತ್ತ ನಿಂತೆ. ಅವಳು ಕಿಟಕಿಯ ಕಡೆ, “ರಕ್ತ ಹೊಂಟೈತಿ, ಗಾಡಿ ಸುರು ಮಾಡ್ರಿ,” ಎಂದಳು. ಹೊರಗಿನಿಂದ ಅಂಬುಲೆನ್ಸಿನ ಡ್ರೈವರ್, “ಗಾಡಿ ಸುರು ಆತ್ರಿ,” ಎಂದ. ಇಂಜಿನ್ ಸದ್ದು ಬಂತು. “ಹೊಟ್ಟಿ ತಿಕ್ಕಾಕತ್ತೀನಿ. ಸೂಜಿ.” ಇನ್ನೊಬ್ಬ ಎಳೆಯ ನರ್ಸು, “ಸೂಜಿ ಕೊಟ್ಟೆ,” ಎಂದಳು. “ಸಲಾಯಿನ್.” “ಸಲಾಯಿನ್ ಹಚ್ಚಿದೆ.” “ಮಾಸು ನೋಡು.” ಕೂಸಿನ ಹಿಂದೆ ಬೀಳುವ ಮಾಸು ಪೂರ್ತಿ ಬಂತೇ ಎಂದು. “ಮಾಸು ಪೂರಾ ಐತ್ರಿ.” ಹೇಳಿದ್ದನ್ನೆಲ್ಲ ಮಾಡಿದವರು ತಿರುಗಿ ಹೇಳುತ್ತಿದ್ದರು, ಫೌಂಡ್ರಿಯಲ್ಲಿ ಕಾದ ಕಬ್ಬಿಣದ ಬಕೆಟ್ಟು ಎತ್ತುವಾಗ ಕ್ರೇನಿನವನೂ ಕೆಳಗಿನವನೂ ಮಾಡುತ್ತಾರಲ್ಲ, ಹಾಗೆಯೇ. ಕೊನೆಗೆ ಸಿಸ್ಟರ್, “ಗಾಡಿ ಬಂದ್ ಮಾಡ್ರಿ,” ಎಂದಳು. ಇಂಜಿನ್ ನಿಂತಿತು.

“ಮೂರು ನಿಮಿಷ ಹತ್ತು ಸೆಕೆಂಡ್,” ಎಂದೆ ನಾನು.

ಅಷ್ಟರಲ್ಲಿ ಸಾಯುತ್ತಿದ್ದ ಹೆಂಗಸು ಮಂಚದ ಮೇಲೆ ಎದ್ದು ಕೂತಳು. ಅರವತ್ತರ ಹತ್ತಿರದ ಮುದುಕಿ. “ಸಿಸ್ಟರ್, ಪ್ರತಿ ಮಂಗಳವಾರ ನನ್ನ ಸೀರೀನ ಯಾಕ ಹಾಳ ಮಾಡ್ತೀರಿ? ಈ ಕುಂಕುಮ ತೊಳದ್ರೂ ಹೋಗೂದಿಲ್ಲ, ಖರೇನ,” ಎಂದು ತೊಡೆಯ ಕೆಳಗಿನಿಂದ ಒಡೆದ ಪ್ಲಾಸ್ಟಿಕ್ ಚೀಲ ಎಳೆದು ಬಿಸಾಕಿದಳು. ಆಕೆ ಅಲ್ಲಿನ ಆಯಾ. ನೆಲದ ಮೇಲಿದ್ದುದು ಕುಂಕುಮ ಕಲಸಿದ ನೀರು.

ನಾನು ಬಾಗಿಲಿಗೆ ಒರಗಿ ನಿಂತೆ. ಆಯಾ ನನ್ನ ಮುಖ ನೋಡಿ ಮಂಚದಿಂದ ಇಳಿದು ನನಗೇ ನೀರು ತಂದುಕೊಟ್ಟಳು.

ಸಿಸ್ಟರ್ ಕೈ ತೊಳೆದುಕೊಂಡು ಬಂದು ಹೇಳಿದಳು. ಹಿಂದೆ ಬೇರೊಂದು ಕಡೆ ಕೆಲಸ ಮಾಡುವಾಗ ಅವಳ ಕಣ್ಣೆದುರು ಒಬ್ಬ ಬಾಣಂತಿಗೆ ರಕ್ತ ಹೋಗತೊಡಗಿತಂತೆ. ಕೋಣೆಯಲ್ಲಿ ನಾಲ್ಕು ಜನ ಇದ್ದರು. ನಾಲ್ವರಿಗೂ ಕೆಲಸ ಗೊತ್ತಿತ್ತು. ಆದರೆ ಮೂವರು ಒಂದೇ ಸೂಜಿ ತರಲು ಓಡಿದರು, ಹೊಟ್ಟೆಯ ಮೇಲೆ ಕೈ ಇಡಲು ಯಾರೂ ಉಳಿಯಲಿಲ್ಲ. “ಆಕಿ ಹೋದ್ಲು ಕಾಕಾ. ಯಾರಿಗೂ ಬರ್ತಿರಲಿಲ್ಲ ಅಂತಲ್ಲ. ಕೂಡಿ ಮಾಡಿ ರೂಢಿ ಇರಲಿಲ್ಲ,” ಎಂದಳು. ಆ ರೂಢಿಗೆಂದೇ ಇಲ್ಲಿ ಪ್ರತಿ ಮಂಗಳವಾರ ಆಯಾಳನ್ನು ಮಲಗಿಸಿ ಹೀಗೆ ಸುಳ್ಳು ಹೆರಿಗೆ ಮಾಡಿಸುತ್ತಾಳಂತೆ. ಗೋಡೆಯ ಗಡಿಯಾರ ನೋಡಲು ಯಾರಿಗೂ ಪುರಸೊತ್ತು ಇರುವುದಿಲ್ಲವಾದ್ದರಿಂದ, ಮಂಗಳವಾರ ಯಾರೇ ಬಾಗಿಲಿಗೆ ಬಂದರೂ ಅವರ ಕೈಲಿ ಹೊತ್ತು ನೋಡಿಸುತ್ತಾಳಂತೆ. ರಕ್ತ ನಿಂತರೆ ಮಾತ್ರ ಗಾಡಿ ಬಂದ್, ನಿಲ್ಲದಿದ್ದರೆ ಅದೇ ಗಾಡಿಯಲ್ಲಿ ಖಾನಾಪುರಕ್ಕೆ.

ನಾನು ನನ್ನ ಪ್ರಶ್ನೆ ಕೇಳುವ ಮೊದಲೇ ಅವಳು ಕಪಾಟಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು, ಮೂರು ನಿಮಿಷ ಹತ್ತು ಸೆಕೆಂಡ್ ಎಂದು ಬರೆದುಕೊಂಡಳು. ಕೆಳಗೆ ಅಂದಿನ ತಪ್ಪು ಬರೆದಳು. ನಾನು ಕೇಳಿ ಇಸಿದುಕೊಂಡು ಹಿಂದಿನ ಪುಟ ತಿರುವಿದೆ. “ಸೂಜಿಯ ಡಬ್ಬಿಯ ಮುಚ್ಚಳ ಬಿಗಿ. ದಾರ ಕಟ್ಟಬೇಕು.” “ನಾನು ಎರಡು ಮಾತು ಒಟ್ಟಿಗೆ ಹೇಳಿದೆ. ಇಬ್ಬರೂ ಗೊಂದಲಕ್ಕೆ ಬಿದ್ದರು. ತಪ್ಪು ನನ್ನದು.” “ಬಾಗಿಲ ಚಿಲಕ ಮೊಣಕೈಯಿಂದ ತೆಗೆಯಲು ಬರುವುದಿಲ್ಲ.” ಸುಳ್ಳು ಹೆರಿಗೆಗಳ ನಡುವೆ ಖರೇ ಹೆರಿಗೆಗಳೂ ಇದ್ದವು. “ತಾಯಿ ಬಂದು ಏಳು ನಿಮಿಷ ಅವಳನ್ನು ಯಾರೂ ಮುಟ್ಟಲಿಲ್ಲ. ಮಗು ಆರೋಗ್ಯ. ಆದರೂ ತಪ್ಪು.”

ಮೂವತ್ತೊಂದು ವರ್ಷದಲ್ಲಿ ನಾನು ಇಷ್ಟು ತುಂಬಿದ ಕೆಂಪು ಡಬ್ಬಿ ನೋಡಿರಲಿಲ್ಲ. ತಮ್ಮ ತಪ್ಪನ್ನು ಯಾರೂ ಕೇಳದೆ, ಯಾರ ಹೆದರಿಕೆಯೂ ಇಲ್ಲದೆ, ಕಾಡಿನ ಅಂಚಿನಲ್ಲಿ ಕೂತು ವಾರವಾರ ಬರೆದಿಡುವವರು ಇದ್ದಾರೆ ಎಂಬುದೇ ನನಗೆ ಹೊಸದು. ಪುಟ ತಿರುವುತ್ತ ತಿರುವುತ್ತ ಮೊದಲ ಪುಟದವರೆಗೂ ಹೋದೆ.

ಆದರೂ ಹುಟ್ಟುಗುಣ ಎಲ್ಲಿ ಹೋಗಬೇಕು. ಅಪ್ಪಣೆ ಪಡೆದು ದವಾಖಾನೆಯನ್ನೆಲ್ಲ ಸುತ್ತಿದೆ. ಮಂಚದ ಅಡಿಗೆ ಬಿಳಿ ಕರವಸ್ತ್ರ ಒರೆಸಿ ನೋಡಿದೆ. ಔಷಧಿಯ ತಾರೀಖು ಓದಿದೆ. ಕರೆಂಟ್ ಹೋದರೆ ಗತಿ ಏನು ಎಂದು ಅನುಮಾನ ಬಂದು, ಯಾರನ್ನೂ ಕೇಳದೆ ಪಡಸಾಲೆಯ ಮೇನ್ ಸ್ವಿಚ್ಚು ಇಳಿಸಿಬಿಟ್ಟೆ. ನಾನು ಮೂರು ಎಣಿಸುವುದರೊಳಗೆ ಹೆರಿಗೆ ಕೋಣೆಯ ದೀಪ ಇನ್ವರ್ಟರಿನಿಂದ ಹತ್ತಿಕೊಂಡಿತು. ಸಿಸ್ಟರ್ ಓಡಿ ಬಂದಳು. ಬಸ್‌ಸ್ಟ್ಯಾಂಡಿನ ಹೆಂಗಸು ಹೇಳಿದ ಬೈಗುಳ ಇನ್ನು ಬಂತು ಎಂದು ತಲೆ ತಗ್ಗಿಸಿ ನಿಂತೆ. ಅವಳು ಸ್ವಿಚ್ಚು ಮೇಲೆ ಮಾಡಿ ನನ್ನನ್ನೊಮ್ಮೆ ನೋಡಿ, ನೋಟ್‌ಬುಕ್ ತೆಗೆದು ಬರೆದಳು: “ಹೊರಗಿನವರ ಕೈಗೆ ಮೇನ್ ಸ್ವಿಚ್ಚು ಸಿಗುತ್ತದೆ. ಬಾಗಿಲು ಮಾಡಿಸಿ ಬೀಗ ಹಾಕಬೇಕು.” ಆಮೇಲೆ ನನಗೆ ಬೈದಳು.

ಬೆಳಗಾವಿಗೆ ಮರಳಿ ಹೆಂಡತಿಗೆ ಎಲ್ಲ ಹೇಳಿದೆ. ಪಾಸು ಎಂದೆ. ನನ್ನ ಬಾಯಿಂದ ಆ ಶಬ್ದವನ್ನು ಅವಳು ಇನ್ನೊಮ್ಮೆ ಹೇಳಿಸಿ ಕೇಳಿದಳು. ತವರಿನಲ್ಲಿ ಹೆರಿಗೆ ಆಗದಿದ್ದರೆ ಮಂದಿ ಏನಂದಾರು ಎಂಬ ಚಿಂತೆ ಅವಳದು. ಕೊನೆಗೆ ಒಣಕೊಬ್ಬರಿಯ ಚೀಲ ಕಟ್ಟುತ್ತ ಅಂದಳು: “ಹಂಗಾರ ನಾನ ಅಲ್ಲಿಗೆ ಹೋಗಿ ಇರ್ತೀನಿ. ನಾ ಎಲ್ಲಿರ್ತೀನೋ ಅದ ಆಕಿ ತವರಮನಿ.” ಒಂಬತ್ತನೇ ತಿಂಗಳು ಹತ್ತಿದ ಕೂಡಲೇ ಹೊರಟೇಹೋದಳು.

ನಾನು ಸಿಸ್ಟರ್ ಬರೆದಿಟ್ಟಿದ್ದ ಆ ಬಾಗಿಲ ಚಿಲಕದ ವಿಷಯ ಮರೆತಿರಲಿಲ್ಲ. ಆಟೋ ನಗರದಲ್ಲಿ ಹಳೆಯ ಜೊತೆಗಾರನ ಲೇತಿನ ಮುಂದೆ ಎರಡು ದಿನ ನಿಂತು, ಮೊಣಕೈಯಿಂದ ತಳ್ಳಿದರೆ ತೆರೆಯುವಂಥ ಉದ್ದ ಹಿಡಿಕೆಯ ಚಿಲಕ ಮಾಡಿಸಿದೆ. ಅವನು ಮೂರು ಸಲ ಮಾಡಿದ್ದನ್ನು ಮೂರು ಸಲ ತಿರಸ್ಕರಿಸಿದೆ. ನಾಲ್ಕನೆಯದನ್ನು ನಾನೇ ಹೋಗಿ ದವಾಖಾನೆಯ ಬಾಗಿಲಿಗೆ ಕೂಡಿಸಿ, ಹತ್ತು ಸಲ ತೆಗೆದು ಹಾಕಿ ತೋರಿಸಿದೆ. ಎಲ್ಲರೂ ಮೆಚ್ಚಿದರು. ನನಗೂ ಸ್ವಲ್ಪ ಕೊಬ್ಬು ಏರಿತ್ತು.

ಸಂಕ್ರಾಂತಿ ಮುಗಿದ ವಾರ, ಬೆಳಿಗ್ಗೆ ಹನ್ನೊಂದಕ್ಕೆ ಮಗಳಿಗೆ ಹೆರಿಗೆಯಾಯಿತು. ಹೆಂಡತಿ ಒಳಗೆ ಮಗಳ ತಲೆಯ ಹತ್ತಿರ ನಿಂತಿದ್ದಳು. ನಾನೂ ಅಳಿಯನೂ ಹೊರಗಿನ ಬೆಂಚಿನ ಮೇಲೆ. ಮಗುವಿನ ಅಳು ಕೇಳಿತು. ಆಯಾ ಬಾಗಿಲು ಸರಿಸಿ, “ಲಕ್ಷ್ಮೀ ಬಂದಾಳ್ರೀ,” ಎಂದು ನಕ್ಕು ಒಳಗೆ ಹೋದಳು. ಅಳಿಯ ಕಣ್ಣು ಒರೆಸಿಕೊಂಡ. ನಾನು ಅವನಿಗೆ ಏನೋ ಹೇಳಲು ಹೊರಟಿದ್ದೆ. ಆಗ ಒಳಗಿನಿಂದ ಸಿಸ್ಟರ್ ದನಿ ಬಂತು. ಅದು ಜೋರಾಗಿರಲಿಲ್ಲ, ಚುಟುಕಾಗಿತ್ತು.

“ರಕ್ತ ಹೊಂಟೈತಿ. ಗಾಡಿ ಸುರು ಮಾಡ್ರಿ.”

ಹೊರಗೆ, “ಗಾಡಿ ಸುರು ಆತ್ರಿ.”

“ಕಾಕಾ, ಗಡಿಯಾರ!”

ಅಂದು ಮಂಗಳವಾರ ಅಲ್ಲ. ಅಂದು ಆಯಾ ಮಂಚದ ಮೇಲೆ ಇರಲಿಲ್ಲ. ನಾನು ಎದ್ದು ನಿಂತೆ, ಅಷ್ಟು ಗೊತ್ತು. “ಹೊಟ್ಟಿ ತಿಕ್ಕಾಕತ್ತೀನಿ. ಸೂಜಿ.” “ಸೂಜಿ ಕೊಟ್ಟೆ.” ಹೊರಗಿನ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರು ನನ್ನ ಪಕ್ಕದಿಂದಲೇ ಒಳಗೆ ಓಡಿದರು. ಎಳೆಯ ವಯಸ್ಸಿನವರು. ಒಳಗೆ ಹೋದವರೇ ಅದೇ ಸಾಲಿಗೆ ಸೇರಿಕೊಂಡರು. “ಸಲಾಯಿನ್.” “ಸಲಾಯಿನ್ ಹಚ್ಚಿದೆ.” ಆಯಾ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಔಷಧಿ ಕೋಣೆಗೆ ಓಡಿದಳು. ಅವಳ ಸೆರಗು ನನ್ನ ಉದ್ದ ಹಿಡಿಕೆಗೆ ಸಿಕ್ಕಿಕೊಂಡಿತು. ಅವಳು ನಿಲ್ಲದೆ ಅದನ್ನು ಪರ್ ಎಂದು ಹರಿದುಕೊಂಡು ಹೋದಳು, ಬಂದಳು.

“ಮಾಸು ನೋಡು.” “ಮಾಸು ಪೂರಾ ಐತ್ರಿ.”

ಇನ್ನು ಗಾಡಿ ಬಂದ್ ಮಾಡ್ರಿ ಎನ್ನಬೇಕಿತ್ತು. ನನಗೆ ಸಾಲು ಬಾಯಿಪಾಠ ಆಗಿತ್ತು. ಆದರೆ ಆ ಮಾತು ಬರಲಿಲ್ಲ. “ಎರಡನೇ ಸೂಜಿ,” ಎಂದಳು ಸಿಸ್ಟರ್. “ಎರಡನೇ ಸೂಜಿ ಕೊಟ್ಟೆ.” “ಕೈ ಬಿಡಬ್ಯಾಡ. ತಿಕ್ಕು.” ಇಂಜಿನ್ ಸದ್ದು ಗುರ್ ಎನ್ನುತ್ತಲೇ ಇತ್ತು. ನನಗೆ ಲೋಕದಲ್ಲಿ ಬೇರೇನೂ ಬೇಡವಾಗಿತ್ತು, ಆ ಇಂಜಿನ್ ನಿಲ್ಲಬೇಕಿತ್ತು. ಒಳಗೆ ಯಾರೂ ಕೂಗಲಿಲ್ಲ, ಯಾರೂ ಅಳಲಿಲ್ಲ, ಯಾರೂ ಒಬ್ಬರ ಕಾಲಿಗೆ ಒಬ್ಬರು ಅಡ್ಡ ಬರಲಿಲ್ಲ. ಮಾತು ಹೋಗುತ್ತಿತ್ತು, ಮಾತು ತಿರುಗಿ ಬರುತ್ತಿತ್ತು. ಡಾಕ್ಟರು, “ಹೊಟ್ಟಿ ಬಿಗಿ ಆಗಾಕತ್ತೈತಿ,” ಎಂದರು. ಇನ್ನೂ ಸ್ವಲ್ಪ ಹೊತ್ತು ಹೋಯಿತು.

“ಗಾಡಿ ಬಂದ್ ಮಾಡ್ರಿ.”

ಇಂಜಿನ್ ನಿಂತಿತು. ನಾನು ಬೆಂಚಿನ ಮೇಲೆ ಕೂತೆ. ಖಾನಾಪುರದ ಬಸ್‌ಸ್ಟ್ಯಾಂಡಿನ ಆ ಹೆಂಗಸು ನೆನಪಾದಳು. ಕೈಗುಣ ಅಂದಿದ್ದಳು. ಹೌದಮ್ಮಾ, ಐತಿ, ಎಂದು ಮನಸ್ಸಿನಲ್ಲೇ ಅವಳಿಗೆ ಕೈ ಮುಗಿದೆ. ವಾರವಾರ ಕುಂಕುಮದ ನೀರಿನಲ್ಲಿ ಕೈ ಅದ್ದಿ, ಸೆಕೆಂಡು ಎಣಿಸಿ, ತಪ್ಪು ಬರೆದು ಅವರು ಸಂಪಾದಿಸಿದ್ದ ಕೈಗುಣ ಅದು. ನಾನು ಜೀವಮಾನವೆಲ್ಲ ಕಬ್ಬಿಣ ಅಳೆದವನು. ಮನುಷ್ಯರ ಕೆಲಸ ಇಷ್ಟು ಕರಾರುವಾಕ್ಕಾಗಿ ಒಂದಕ್ಕೊಂದು ಕೂಡುವುದನ್ನು ಆ ದಿನದ ಮೊದಲು ಕಂಡಿರಲಿಲ್ಲ.

ಒಂದು ತಾಸಿನ ಮೇಲೆ ಮಗಳನ್ನು ನೋಡಲು ಬಿಟ್ಟರು. ಮುಖ ಬಿಳುಪೇರಿತ್ತು. “ಪಾಸೇನಪಾ?” ಎಂದಳು. ಹೆಂಡತಿ ಮಗುವನ್ನು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಹುಡುಕಲು ನನಗೆ ಯಾವ ತಪ್ಪೂ ಸಿಗಲಿಲ್ಲ.

ಹೊರಗೆ ಬಂದಾಗ ಸಿಸ್ಟರ್ ನೋಟ್‌ಬುಕ್ ಬಿಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಇಂಥ ದಿನವೂ ಬರೆಯುತ್ತಾಳೆಯೇ ಎಂದು ನೋಡಿದೆ. ಬರೆಯುತ್ತಿದ್ದಳು. “ಎಷ್ಟು ಹೊತ್ತಾತ್ರಿ ಕಾಕಾ?” ಎಂದು ತಲೆ ಎತ್ತದೆ ಕೇಳಿದಳು.

ನಾನು ಕೈಗಡಿಯಾರ ನೋಡಿಕೊಂಡೆ. ಆ ಹೊತ್ತಿನಲ್ಲಿ ಅದನ್ನೇ ನೋಡುತ್ತ ನಿಂತಿದ್ದೆ, ಖರೇ. ಆದರೆ ಮುಳ್ಳು ಎಲ್ಲಿ ಹೊರಟಿತು, ಎಲ್ಲಿ ನಿಂತಿತು, ಒಂದೂ ಕಣ್ಣಿಗೆ ಬಿದ್ದಿರಲಿಲ್ಲ. ಮಿಲಿಮೀಟರಿನ ನೂರನೇ ಪಾಲನ್ನು ಬಿಡದವನು ಮಗಳ ಜೀವದ ನಿಮಿಷಗಳನ್ನು ಅಳೆಯಲಾರದೆ ಹೋಗಿದ್ದೆ. “ನೋಡಲಿಲ್ರಿ ಸಿಸ್ಟರ್,” ಎಂದೆ. “ಬರೀರಿ. ಚಿಲಕಕ್ಕ ಆಯಾನ ಸೆರಗ ಸಿಕ್ಕಿದ್ದೂ ನಂದ ತಪ್ಪು. ಎರಡೂ ನನ್ನ ಹೆಸರಿಗೆ ಬರೀರಿ.”

ಅವಳು ಬರೆದು, ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದಳು. ಮೊದಲನೇ ಸಾಲು: “ಹೊಸ ಚಿಲಕವನ್ನು ಸೀರೆ ಉಟ್ಟವರ ಕೈಲಿ ಒಮ್ಮೆಯೂ ತೆರೆಯಿಸಿ ನೋಡದೆ ಒಪ್ಪಿಕೊಂಡೆವು.” ಎರಡನೇ ಸಾಲು: “ಹುಡುಗಿಯ ತಂದೆಗೆ ಗಡಿಯಾರ ನೋಡಲು ಹೇಳಿದೆ. ಹೇಳಬಾರದಿತ್ತು. ತಪ್ಪು ನನ್ನದು. ಇನ್ನು ಮುಂದೆ ಡ್ರೈವರ್ ನೋಡಬೇಕು.”

ಎರಡು ಸಲ ಓದಿದೆ. ಮೂವತ್ತೊಂದು ವರ್ಷ ನಾನು ಎಳೆದ ಒಂದೊಂದು ಕೆಂಪು ಗೆರೆಯ ಪಕ್ಕದಲ್ಲೂ ಯಾರದೋ ಟೋಕನ್ ನಂಬರ್ ಇತ್ತು. ಅಂದು ಅವನ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದರು, ಯಾವ ಮಗಳಿಗೆ ದಿನ ತುಂಬಿತ್ತು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಬೆಂಚಿನ ಮೇಲೆ ಕೂತು, ಅಳಿಯ ನೋಡುತ್ತಿದ್ದಾನೆ ಎಂಬ ಪರಿವೆಯೂ ಇಲ್ಲದೆ ಅತ್ತುಬಿಟ್ಟೆ.

ಸಿಸ್ಟರ್ ನೋಟ್‌ಬುಕ್ ಮುಚ್ಚಿ ಎದ್ದಳು. “ಸಾಕು ಬಿಡ್ರಿ ಕಾಕಾ,” ಎಂದಳು. “ಆ ಹಿಡಿಕಿ ತುದಿ ಒಳಗ ಮಣಿಸಿ ತರ್ರಿ. ಮಂಗಳವಾರದೊಳಗ ಬೇಕು.”